ಕರೆಂಟು ತಿಂದ ಆಡು

ಹರಿಹರದಲ್ಲಿ ದಾವಣಗೆರೆ ಬಸ್ಸು ನಿಲ್ಲುವ ಕಡೆ ಕಬ್ಬಿನ ಹಾಲು ಮಾರುವ ಜಮಾಲುದ್ದೀನರನ್ನು ನೀವು ನೋಡಿರಬಹುದು. ಗಾಣದ ಗೆಜ್ಜೆಯ ಸದ್ದಿನಲ್ಲೇ ಗಿರಾಕಿ ಕರೆಯುವ ಮನುಷ್ಯ. ಮೂವತ್ತು ವರ್ಷ ಹಾಲು ಹಿಂಡಿದರೂ ಯಾರೂ ಅವರನ್ನು ಕಂಡು ಎದ್ದು ನಿಂತಿರಲಿಲ್ಲ. ಅವರು ದೊಡ್ಡವರಾದದ್ದು ಸಿಪ್ಪೆಯಿಂದ.

ಊರಾಚೆಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ಮಾಡುತ್ತಾರೆಂದು ಕೇಳಿ, ಒಂದು ದಿನ ಚೀಲ ತುಂಬಿಕೊಂಡು ಹೋದರು. ಅಲ್ಲಿ ಗುಡ್ಡದಷ್ಟು ಸಿಪ್ಪೆ ಬಿದ್ದಿತ್ತು. ಕಾವಲುಗಾರ ಮೈಲಪ್ಪ, ಇವರು ತಂದಿದ್ದ ಹಾಲು ಕುಡಿದು ಮೀಸೆ ಒರೆಸಿಕೊಂಡು, ಚೀಲವನ್ನು ಗುಡ್ಡದ ಮೇಲೆ ಸುರಿದ.

“ಇದರ ಕರೆಂಟು ಎಲ್ಲಿಗೆ ಹೋಗ್ತೈತಪ್ಪ?”

“ಎಲ್ಲಿಗ್ರೀ? ಸೀದಾ ಲೈನಿಗೆ!”

ಜಮಾಲುದ್ದೀನರ ಕಿವಿ ನೆಟ್ಟಗಾದವು. ಅವರ ಎಂಟು ಮನೆಗಳ ಸಾಲಿಗೆ ಎಲ್ಲರೂ ಅನ್ನುವುದೇ ‘ಲೈನು’.

ಅಂದಿನಿಂದ ದಿನಾ ಒಂದು ಚೀಲ ಸಿಪ್ಪೆ, ಮೈಲಪ್ಪನಿಗೆ ಒಂದು ಬಾಟ್ಲಿ ಹಾಲು. ಲೈನಿನ ಕರೆಂಟೆಲ್ಲ ತಮ್ಮ ಸಿಪ್ಪೆಯದೇ ಎಂದು ಮನೆಮನೆಗೂ ಹೇಳಿಬಂದರು. ಪಕ್ಕದ ಮನೆಯ ದ್ಯಾಮವ್ವ ಮಿಕ್ಸಿ ಹಾಕಲೂ ಅಪ್ಪಣೆ ಕೇಳತೊಡಗಿದಳು.

“ಜಮಾಲಣ್ಣ, ಚಟ್ನಿ ರುಬ್ಬಲೇನು?”

“ರುಬ್ಬವ್ವ. ಇವತ್ತು ಕಬ್ಬು ಚೊಲೋ ಇತ್ತು.”

ಶಾಮನೂರಿನಲ್ಲಿದ್ದ ತಮ್ಮ ತಂಗಿಯ ಮನೆಯಲ್ಲಿ ಬಲ್ಬು ಮಂಕಾದರೆ ಮಾತ್ರ, “ಅದು ನಮ್ಮ ಕಡೇದಲ್ಲ” ಎಂದು ಕೈ ತೊಳೆದುಕೊಳ್ಳುತ್ತಿದ್ದರು.

ಒಂದು ಸಂಜೆ ಸೀರಿಯಲ್‌ನಲ್ಲಿ ಸೊಸೆ ಅತ್ತೆಗೆ ಹೊಡೆಯಲು ಕೈ ಎತ್ತಿದಳು, ಕರೆಂಟು ಹೋಯಿತು. ದ್ಯಾಮವ್ವ ಹೊರಗೆ ಓಡಿಬಂದರೆ, ಜಮಾಲುದ್ದೀನರ ಹೆಂಡತಿ ಅಮೀನಾಬೀ ಸಾಕಿದ ಆಡು ಚಾಂದನಿ ಮರುದಿನದ ಚೀಲಕ್ಕೆ ಬಾಯಿ ಹಾಕಿ ನೆಮ್ಮದಿಯಾಗಿ ಜಗಿಯುತ್ತಿತ್ತು.

“ಅಯ್ಯಯ್ಯೋ ಯಣ್ಣ, ನಿಮ್ಮ ಆಡು ನನ್ನ ಸೀರಿಯಲ್ ತಿಂದುಬಿಡ್ತು!”

ಲೈನ್‌ಮನ್ ಬಂದು, ತಂತಿಯ ಮೇಲೆ ತೆಂಗಿನ ಗರಿ ಬಿದ್ದಿದೆ ಎಂದ. ಗರಿ ಎಲ್ಲರಿಗೂ ಕಾಣುತ್ತಿತ್ತು. ಆದರೆ ಆಡಿನ ಬಾಯೂ ಕಾಣುತ್ತಿತ್ತಲ್ಲ! ಎಂಟೂ ಮನೆಯವರು ಸೇರಿ ತೀರ್ಮಾನ ಮಾಡಿದರು: ಆಡನ್ನು ಸಂತೆಗೆ ಹೊಡೆಯಬೇಕು.

ತಾಯಿ ಸತ್ತ ಮರಿಯನ್ನು ಬಾಟ್ಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಅಮೀನಾಬೀ. “ಅದು ಹೋದ್ರೆ ನಾನೂ ಹೋಗ್ತೀನ್ರಿ. ಆಮ್ಯಾಲೆ ಕರೆಂಟನ್ನೇ ಉಣ್ರಿ” ಎಂದಳು.

ಸಂತೆಯ ದಿನ ಬೆಳಗ್ಗೆ ಜಮಾಲುದ್ದೀನ್ ಹಗ್ಗ ಹಿಡಿದು ಆಡಿನ ಮುಂದೆ ಕುಕ್ಕರಿಸಿದರು. ಚಾಂದನಿ ಅವರನ್ನೊಮ್ಮೆ ನೋಡಿ, ತಿರುಗಿ ನಿಂತು, ಬಾಲ ಎತ್ತಿ ಹಿಕ್ಕೆ ಹಾಕಿತು. ಅವರಿಗೆ ದಾರಿ ಕಂಡಿತು. ಹಿಕ್ಕೆ ಬಳಿದು ಚೀಲಕ್ಕೆ ತುಂಬಿ, ದ್ಯಾಮವ್ವನನ್ನು ಸಾಕ್ಷಿಗೆ ಕರೆದುಕೊಂಡು ಕಾರ್ಖಾನೆಗೆ ಹೋದರು.

“ಮೈಲಪ್ಪ, ಇದರಾಗೆ ಕರೆಂಟು ಐತೋ ಇಲ್ಲೋ? ಖರೆ ಹೇಳು.”

ಮೈಲಪ್ಪ ಹಾಲಿನ ಬಾಟ್ಲಿಯತ್ತ ನೋಡಿದ. “ಯಾಕಿಲ್ಲ? ಸಗಣಿ, ಹಿಕ್ಕಿ, ಕೊಳೆತ ಸೊಪ್ಪು, ಎಲ್ಲದರಾಗೂ ಐತೆ. ಗ್ಯಾಸ್ ಮಾಡಿ ದೀಪ ಹಚ್ತಾರೆ.”

“ಕೇಳಿದೇನವ್ವ? ಚಾಂದನಿ ಕರೆಂಟು ತಿಂದಿಲ್ಲ. ಇಟ್ಕೊಂಡೈತೆ!”

ದ್ಯಾಮವ್ವ ಮೂಗಿನ ಮೇಲೆ ಬೆರಳಿಟ್ಟಳು. “ಹಂಗಾರೆ ಇದು ಇನ್ವರ್ಟರ್ ಅನ್ನು!”

ಈಗ ಕರೆಂಟು ಹೋದರೆ ಲೈನಿನಲ್ಲಿ ಯಾರೂ ಲೈನ್‌ಮನ್‌ಗೆ ಫೋನು ಮಾಡುವುದಿಲ್ಲ. ದ್ಯಾಮವ್ವ ಒಂದು ಹಿಡಿ ಸಿಪ್ಪೆ ತಂದು ಚಾಂದನಿಯ ಮುಂದೆ ಕೂರುತ್ತಾಳೆ.

“ತಿನ್ನವ್ವ, ಲಗೂನ ತಿನ್ನು. ಆ ಸೊಸಿ ಎತ್ತಿದ ಕೈ ಇನ್ನೂ ಇಳಿಸಿಲ್ಲ!”