ಗರಿಯ ಕಿರೀಟ

ಯೇಸು ಕತ್ತೆಯೇರಿ ಊರು ಹೊಕ್ಕ ನೆನಪಿನ ಗರಿಗಳ ಭಾನುವಾರ ಚರ್ಚಿನಲ್ಲಿ ಮಂತ್ರಿಸಿ ಕೊಡುವ ಎಳೆ ತೆಂಗಿನ ಗರಿಯನ್ನು ಎಲ್ಲರೂ ಶಿಲುಬೆಯಾಗಿ ಹೆಣೆಯುತ್ತಾರೆ. ನಮ್ಮ ಯಜಮಾನರು ಮಾತ್ರ ಕಿರೀಟ ಹೆಣೆಯುತ್ತಿದ್ದರು. ಅದೂ ಪೂಜೆ ನಡೆಯುವಾಗಲೇ, ಗಂಡಸರ ಸಾಲಿನಲ್ಲಿ ತಲೆ ತಗ್ಗಿಸಿ ಕೂತು. ಹೆಂಗಸರ ಕಡೆಯಿಂದ ನಾನು ಕಣ್ಣು ಬಿಟ್ಟು ಹೆದರಿಸುತ್ತಿದ್ದೆ. ಮನೆಗೆ ಬಂದ ಮೇಲೆ ಬೈದರೆ, "ರಾಜ ಊರೊಳಕ್ಕೆ ಬಂದ ದಿನ ಕಣೇ ಇದು. ಬರಿತಲೇಲಿ ಬರಕ್ಕಾಯ್ತದಾ?" ಎನ್ನುತ್ತಿದ್ದರು. ಕೆಸರೆಯ ನಮ್ಮ ಮನೆಯಲ್ಲಿ ಯೇಸುವಿನ ಪಟದ ಮೂಲೆಗೆ ಆ ಕಿರೀಟ ಸಿಕ್ಕಿಸಿಡುತ್ತಿದ್ದರು.

ಪಕ್ಕದ ಮನೆಯಾಕೆ ನಮ್ಮ ಮತದವರಲ್ಲ. ಹಳ್ಳಿಯಿಂದ ಬಂದು ಇಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವರು. ಬಾಯಿ ಸ್ವಲ್ಪ ಜೋರು. ಒಮ್ಮೆ ಆ ಕಿರೀಟ ನೋಡಿ, "ರಾಜ ಅಂತೀರಿ, ಕತ್ತೆ ಮ್ಯಾಲೆ ಬಂದ ಅಂತೀರಿ. ಮೈಸೂರಲ್ಲಿ ಇದ್ಕೊಂಡು ಇದೇನ್ರೀ ನಿಮ್ದು?" ಎಂದು ನಕ್ಕಿದ್ದರು. ಯಜಮಾನರೂ ನಕ್ಕರು. "ಆನೆ ಮ್ಯಾಲೆ ಕೂತೋನಿಗೆ ನಮ್ಮ ಮುಖ ಕಾಣಾಕಿಲ್ಲ ಕಣಕ್ಕ. ಕತ್ತೆ ಮ್ಯಾಲಿರೋನಿಗೆ ಕಾಣ್ತದೆ" ಎಂದರು. ಇದನ್ನು ಫಾದರ್ ಮಾಡುವ ಯಾವ ಪ್ರಸಂಗದಲ್ಲೂ ಅವರು ಕೇಳಿರಲಾರರು; ಪ್ರಸಂಗದ ಹೊತ್ತಿಗೆ ಅವರು ತೂಕಡಿಸುತ್ತಿದ್ದರು.

ಕಳೆದ ಜುಲೈಯಲ್ಲಿ ಅವರು ಹೋಗಿಬಿಟ್ಟರು. ಬೆಳಿಗ್ಗೆ ಸ್ಕೂಟರ್ ಒರೆಸುತ್ತಿದ್ದವರು ಬಟ್ಟೆ ಕೈಯಲ್ಲಿ ಹಿಡಿದೇ ಕುಸಿದರು. ನಾನು ಅಳಲಿಲ್ಲ. ಅಳು ಬರಲಿಲ್ಲ, ಅಷ್ಟೇ. ನಮ್ಮಲ್ಲೂ ಹೆಂಗಸರು ಬೊಟ್ಟು ಇಡುತ್ತಾರೆ. ಮಣ್ಣು ಮಾಡಿ ಬಂದ ದಿನ ಮುಖ ತೊಳೆದಾಗ ಹೋದದ್ದು ಮತ್ತೆ ಇಡಲಿಲ್ಲ. ಇಡಬೇಡ ಎಂದು ಯಾರೂ ಹೇಳಲಿಲ್ಲ, ನನಗೇ ಕೈ ಏಳಲಿಲ್ಲ. ಅನ್ನ ಮಾಡಿದೆ, ಬಟ್ಟೆ ಒಗೆದೆ, ಬಂದವರಿಗೆ ಕಾಫಿ ಕೊಟ್ಟೆ.

ಸಂಜೆ ಅತ್ತೆ ಜಪಸರ ಹಿಡಿದು ಕೂರುತ್ತಿದ್ದರು, ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ದೇವರ ರಾಜ್ಯ ಬರಲಿ ಎಂದು ಬಾಯಿ ಬೇಡುತ್ತಿತ್ತು, ಮನಸ್ಸು ನಾಳೆಯ ಹಾಲಿನ ಪ್ಯಾಕೆಟ್ಟಿನ ಮೇಲಿರುತ್ತಿತ್ತು. "ಆ ರಾಜ ಬರೋವಾಗ ನನ್ನ ಮಗನ್ನೂ ಎಬ್ಬಿಸ್ಕೊಂಡೇ ಬತ್ತಾನೆ ಕಣಮ್ಮ" ಎನ್ನುತ್ತಿದ್ದರು ಅತ್ತೆ, ಬಸ್ಸು ಬರುತ್ತದೆ ಎನ್ನುವಷ್ಟು ಸಲೀಸಾಗಿ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಆ ಏಳು ತಿಂಗಳಲ್ಲಿ ನನಗೆ ಏನಾದರೂ ಅನ್ನಿಸಿದ್ದರೆ ಅದೊಂದೇ.

ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲ ಹತ್ತಿರವಾದಾಗ ಫಾದರ್ ಪ್ರಕಟಣೆ ಓದಿದರು. ಮನೆಯಲ್ಲಿರುವ ಹಳೆಯ ಗರಿಗಳನ್ನು ಚರ್ಚಿನ ಬಾಗಿಲ ಬಳಿಯ ಪೆಟ್ಟಿಗೆಗೆ ತಂದು ಹಾಕಬೇಕು. ಅವನ್ನೇ ಸುಟ್ಟು ಬೂದಿ ಮಾಡಿ ಬೂದಿ ಬುಧವಾರ ಎಲ್ಲರ ಹಣೆಗೆ ಹಚ್ಚುತ್ತಾರೆ. ಮಂತ್ರಿಸಿದ ಗರಿಯನ್ನು ಕಸಕ್ಕೆ ಹಾಕುವಂತಿಲ್ಲ. ಪ್ರತಿವರ್ಷ ಕೊಟ್ಟವಳೇ ನಾನು, ಈ ಸಲ ಕೊಡಲಿಲ್ಲ. ಯಜಮಾನರ ಕೈ ಕೊನೆಯದಾಗಿ ಹೆಣೆದದ್ದು ಆ ಕಿರೀಟ. ಪಟದಿಂದ ತೆಗೆದು, ಬೀರುವಿನಲ್ಲಿ ನನ್ನ ಸೀರೆಗಳ ಕೆಳಗೆ ಇಟ್ಟೆ. ಅತ್ತೆಗೂ ಹೇಳಲಿಲ್ಲ. ರಾಜನಿಗೆ ಕೊಟ್ಟದ್ದನ್ನು ಕದ್ದೆ ಅಂದುಕೊಂಡೆ, ಪಶ್ಚಾತ್ತಾಪ ಆಗಲಿಲ್ಲ.

ಬೂದಿ ಬುಧವಾರ ಬೆಳಿಗ್ಗೆ ಚರ್ಚಿಗೆ ಹೊರಡಲು ಬಿಳಿ ಸೀರೆ ಎಳೆದೆ. ಕೆಳಗೆ ಏನೂ ಇರಲಿಲ್ಲ. ಸೀರೆಗಳನ್ನೆಲ್ಲ ಮಂಚದ ಮೇಲೆ ಹರವಿ ಹುಡುಕಿದೆ.

"ಗರಿ ಹುಡುಕ್ತಿದ್ದೀಯಾ? ನಾನೇ ಭಾನುವಾರ ಪೆಟ್ಟಿಗೇಲಿ ಹಾಕ್ಬುಟ್ಟೆ ಕಣಮ್ಮ" ಎಂದರು ಅತ್ತೆ, ಚಪ್ಪಲಿ ಮೆಟ್ಟುತ್ತ. "ಟವಲ್ ತೆಗೆಯೋವಾಗ ಸಿಕ್ತು. ನೀನು ಕೊಡೋದು ಮರ್ತುಬುಟ್ಟಿದ್ದೆ."

ಹರವಿದ ಸೀರೆಗಳನ್ನು ಮಡಿಸಿಟ್ಟೆ. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಸೀರೆ ಉಟ್ಟುಕೊಂಡು ಅವರ ಹಿಂದೆ ಹೊರಟೆ.

ಸಾಲು ಉದ್ದವಿತ್ತು. ಫಾದರ್ ಕೈಯಲ್ಲಿ ಸ್ಟೀಲ್ ಬಟ್ಟಲು. ಎಲ್ಲ ಮನೆಯ ಗರಿಯೂ ಅದರಲ್ಲೇ. ಶಿಲುಬೆ ಯಾವುದು, ಕಿರೀಟ ಯಾವುದು, ಹೇಳುವಂತಿರಲಿಲ್ಲ. ನನ್ನ ಮುಂದೆ ಅತ್ತೆ. ಅವರ ಹಣೆಗೆ ಹಚ್ಚಿದರು, ಆಮೇಲೆ ನನಗೆ. ಏಳು ತಿಂಗಳಿಂದ ಬರಿದಾಗಿದ್ದ ಜಾಗಕ್ಕೆ ಫಾದರ್ ಹೆಬ್ಬೆರಳು ಒತ್ತಿತು. ತಿರುಗಿ ನೋಡಿದೆ. ಬೆಂಚುಗಳ ತುಂಬ ಕಪ್ಪು ಗುರುತಿನ ಹಣೆಗಳು. ಯಾರ ಗರಿಯೆಂದು ಗೊತ್ತಿಲ್ಲದೆ ಎಲ್ಲರೂ ನಮ್ಮ ಯಜಮಾನರನ್ನು ಹೊತ್ತು ಕೂತಿದ್ದರು. ಇದನ್ನು ಭರವಸೆ ಎನ್ನಲಾರೆ. ಆದರೆ ಆ ರಾಜ ಇಸಿದುಕೊಂಡದ್ದನ್ನು ತಾನೇ ಇಟ್ಟುಕೊಳ್ಳುವವನಲ್ಲ ಎಂಬುದಷ್ಟೇ ಕಂಡಿತು.

ಮನೆಯ ಗೇಟಿನ ಹತ್ತಿರ ಪಕ್ಕದ ಮನೆಯಾಕೆ ಸಿಕ್ಕರು. ಬೂದಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. "ಹಣೆಗೆ ಮಸಿ ಅಂಟ್ಕೊಂಡದೆ, ಒರೆಸ್ಕೊಳ್ಳಿ" ಎಂದರು.

"ಮಸಿಯಲ್ಲ ಕಣ್ರೀ" ಎಂದೆ. "ನಮ್ಮನೆಯವರು ಹೆಣೆದಿದ್ದ ಕಿರೀಟ. ಇಟ್ಕೊಳ್ಳೋಣ ಅಂತ ಬಚ್ಚಿಟ್ಟಿದ್ದೆ."

ಅತ್ತೆ ಅಷ್ಟರಲ್ಲಿ ಒಳಗೆ ಹೋಗಿ ಮುಖ ತೊಳೆಯಲು ನಲ್ಲಿ ತಿರುಗಿಸಿದ್ದರು. ನೀರಿನ ಸದ್ದು ನಿಂತಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಮುಖ ತೊಳೆದಿರಲಿಲ್ಲ.