ಗೋಳಿಬಜೆಯ ಅಡಿಯ ಬ್ರಿಟನ್

ಕೈಗೆ ಸಿಕ್ಕ ಕಾಗದವನ್ನೆಲ್ಲ ಓದುವ ಚಟ ನನಗುಂಟು. ಊರಲ್ಲಿ ಮೀನು ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದಿದವ ನಾನು. ಮಸ್ಕತ್ತಿಗೆ ಬಂದ ಮೇಲೂ ಚಟ ಹೋಗಲಿಲ್ಲ, ಪೇಪರು ಮಾತ್ರ ಬದಲಾಯಿತು ಮಾರಾಯ್ರೆ.

ನಮ್ಮ ಆಫೀಸಿನ ಮ್ಯಾನೇಜರು ಕಾಲಿನ್, ಬ್ರಿಟನ್ನಿನವರು. ಅಲ್ಲಿಂದ ಯಾರು ಬಂದರೂ ಅವರಿಗೆ ಟ್ಯಾಬ್ಲಾಯ್ಡ್ ಪತ್ರಿಕೆಗಳ ಕಟ್ಟು ತರುತ್ತಾರೆ, ನಮಗೆ ಊರಿಂದ ಹಪ್ಪಳ ಬಂದ ಹಾಗೆ. ಅವರು ಓದಿ ಬಿಟ್ಟದ್ದನ್ನು ನಾನು ಅಲ್ ಅಜೈಬಾದ ನಮ್ಮ ಫ್ಲ್ಯಾಟಿಗೆ ಹೊತ್ತು ತರುತ್ತೇನೆ. ಕಪಾಟಿಗೆ ಹಾಸಲು, ಕರಿದದ್ದರ ಎಣ್ಣೆ ಹೀರಿಸಲು ಅಂಥ ಕಾಗದ ಇನ್ನೊಂದಿಲ್ಲ ಎಂಬುದು ನನ್ನ ಹೆಂಡತಿ ವಾರಿಜಳ ಅಭಿಪ್ರಾಯ.

ಓದಿದರೆ ಮಾತ್ರ ತಲೆ ಗಿರ್ರೆನ್ನುತ್ತದೆ. ಒಂದು ಕಟ್ಟಿನಲ್ಲಿ ಅವರ ಪ್ರಧಾನಿ ಸಿಂಹ. ಮುಂದಿನದರಲ್ಲಿ ಅದೇ ಪ್ರಧಾನಿ ಕೋಡಂಗಿ. ಅದರ ಮುಂದಿನದರಲ್ಲಿ ಪ್ರಧಾನಿಯೇ ಬೇರೆ. ಸರ್ಕಾರ ಮಾಡಿದ್ದನ್ನು ಪೇಪರು ಬರೆಯುವುದೋ, ಪೇಪರು ಬರೆದದ್ದನ್ನು ಸರ್ಕಾರ ಮಾಡುವುದೋ ನನಗಿನ್ನೂ ಗೊತ್ತಾಗಿಲ್ಲ. ಹಿಂದೆ ನಮ್ಮ ರಾಜರು ತಮ್ಮನ್ನು ಹೊಗಳಲು ವಂದಿಮಾಗಧರನ್ನು ಸಾಕುತ್ತಿದ್ದರಂತೆ. ಅಲ್ಲಿ ವಂದಿಮಾಗಧರೇ ರಾಜರನ್ನು ಸಾಕುವುದು, ಬೇಸರ ಬಂದರೆ ಓಡಿಸುವುದು ಎಂದು ಕಾಣುತ್ತದೆ.

ಇದರಿಂದ ನಿನಗೆಂತ ಎನ್ನಬೇಡಿ. ಮಗಳು ಶ್ರಾವ್ಯಳಿಗೆ ಬ್ರಿಟನ್ನಿನಲ್ಲೇ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ಬರುವುದೋ ಇಲ್ಲವೋ ಎಂದು ಆ ಸಂಜೆಯೊಳಗೆ ಕಾಲೇಜಿಗೆ ತಿಳಿಸಬೇಕು. ನಾನು ವಾರಿಜ ಕರಿದ ಗೋಳಿಬಜೆ ತಿನ್ನುತ್ತ ಕೂತಿದ್ದೆ. ತಟ್ಟೆ ಖಾಲಿಯಾದ ಹಾಗೆ ಅಡಿಯ ಪೇಪರಿನ ದಪ್ಪ ಅಕ್ಷರ ಕಾಣಿಸಿತು: ಹೊರಗಿನವರು ಸಾಕು, ಬಾಗಿಲು ಹಾಕಿ. ಪ್ರಧಾನಿಯೂ ಹೂಂ ಅಂದಿದ್ದರಂತೆ.

"ಖಲಾಸ್. ಹೋಗುವುದು ಬೇಡ," ಎಂದುಬಿಟ್ಟೆ.

ಶ್ರಾವ್ಯ ಅಳುತ್ತ ಕೋಣೆಗೆ ಹೋದಳು. ತಟ್ಟೆ ತೆಗೆಯಲು ಬಂದ ವಾರಿಜ ಪೇಪರು ನೋಡಿ ಸೊಂಟಕ್ಕೆ ಕೈಯಿಟ್ಟಳು. "ಈ ಪ್ರಧಾನಿ ಮನೆಗೆ ಹೋಗಿ ಎಷ್ಟು ಕಾಲವಾಯಿತು! ಇದು ಕಪಾಟಿಗೆ ಹಾಸಿದ್ದ ಹಳೇ ಪೇಪರು, ಎಣ್ಣೆ ಹೀರಲಿ ಅಂತ ನಾನು ಹಾಕಿದ್ದು. ಇದನ್ನು ಓದಿ ಮಗುವನ್ನು ಅಳಿಸಿದ್ದಾ ನೀವು?"

"ಅಪ್ಪಾ, ಚೆಕ್ ದ ಡೇಟ್!" ಎಂದು ಕೋಣೆಯಿಂದ ಸ್ವರ ಬಂತು.

ಪ್ರಧಾನಿ ಹೋದರೂ ಬಾಗಿಲಿನ ಮಾತು ಹೋಗಿದೆಯೋ? ಗೊಂದಲ ತಡೆಯಲಾರದೆ ಕಾಲಿನ್‌ಗೆ ಫೋನು ಮಾಡಿದೆ. ಅವರು ನಕ್ಕರು. ಅದರಲ್ಲಿ ಬರುವುದನ್ನು ಯಾರು ನಂಬುತ್ತಾರೆ, ತಾವು ಓದುವುದು ಫುಟ್‌ಬಾಲಿಗಾಗಿ ಎಂದರು. ಹಾಗಾದರೆ ಓಟು ಯಾರಿಗೆ ಹಾಕುತ್ತೀರಿ ಎಂದು ಕೇಳಿದೆ. ಮೆಲ್ಲಗೆ, "ಆ ಪೇಪರು ಹೇಳಿದವರಿಗೇ," ಎಂದರು.

ನಗು ಬಂತು, ಅರ್ಧದಲ್ಲೇ ನಿಂತಿತು. ಅವರಾದರೂ ಹೊಸ ಪೇಪರು ಓದಿ ಓಟು ಹಾಕುವವರು. ನಾನು ಆ ದೇಶದಲ್ಲಿ ಓಟೇ ಇಲ್ಲದವ, ಎಣ್ಣೆ ಹೀರಿದ ಹಳೇ ಪೇಪರು ನಂಬಿ ಮನೆಯಲ್ಲಿ ರಾಜ್ಯಭಾರ ಮಾಡಿದ್ದೆ. ಕೋಣೆಯ ಬಾಗಿಲು ತಟ್ಟಿ, "ಬರುತ್ತೇನೆ ಅಂತ ಹೇಳು ಮಗಾ," ಎಂದೆ. ಹೆದರಿಕೆ ಹೋಯಿತೆಂದಲ್ಲ, ಈಗಲೂ ಉಂಟು.

ಶ್ರಾವ್ಯ ಹೊರಡುವ ದಿನ ಮಿಡಿ ಉಪ್ಪಿನಕಾಯಿಯ ಬಾಟಲಿ ಸುತ್ತಲು ವಾರಿಜ ಪೇಪರು ಕೇಳಿದಳು. ತಾರೀಕು ನೋಡಿ ಹೊಸದನ್ನೇ ಕೊಟ್ಟೆ. ಮೊದಲ ಪುಟದಲ್ಲಿ ಪ್ರಧಾನಿ ಬೇರೆ, ಬಾಗಿಲು ಮಾತ್ರ ಅದೇ. ವಾರಿಜ ಓದುವ ಗೋಜಿಗೆ ಹೋಗಲಿಲ್ಲ. ಬಾಟಲಿಗೆ ಬಿಗಿಯಾಗಿ ಸುತ್ತಿ, ಸ್ವೆಟರುಗಳ ನಡುವೆ ಇಟ್ಟು ಸೂಟ್‌ಕೇಸು ಮುಚ್ಚಿದಳು. ಒಳಗೆ ಬರಬೇಡಿ ಎಂದು ಕೂಗುತ್ತಲೇ ಆ ಪೇಪರು ನಮ್ಮ ಉಪ್ಪಿನಕಾಯಿಯನ್ನು ಅಪ್ಪಿಕೊಂಡು ಬ್ರಿಟನ್ನಿಗೆ ಹೋಯಿತು.