ಕೋರಚೇಟ್ಟನ ಮೂರನೆಯ ಗಂಟೆ

ಹಿನ್ನೀರಿನ ನಡುವಿನ ನಮ್ಮ ಕುಟ್ಟನಾಡಿನ ಚರ್ಚಿನಲ್ಲಿ ಗಂಟೆ ಬಾರಿಸುತ್ತಿದ್ದ, ನಾವೆಲ್ಲ ಚೇಟ್ಟಾ, ಅಂದರೆ ಅಣ್ಣಾ, ಎಂದು ಕರೆಯುತ್ತಿದ್ದ ಕೋರಚೇಟ್ಟನಷ್ಟು ತಾಳ್ಮೆಯ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಏಳಕ್ಕೆ ಬಲಿಪೂಜೆ ಎಂದರೆ, ಪೂಜೆ ಶುರುವಾಯಿತೆಂದು ಸಾರುವ ಅವರ ಮೂರನೆಯ ಗಂಟೆ ಏಳೂಕಾಲಿಗೆ. ಕಡೆಯ ದೋಣಿ ದಡ ಮುಟ್ಟಿ, ಮುದುಕಿ ಮರಿಯಚೇಡತ್ತಿ ಮೊಣಕಾಲು ಹಿಡಿದುಕೊಂಡು ಇಳಿದು, ಪಕ್ಕದ ಮನೆಯ ಸೊಸೆಯ ಸುದ್ದಿಯನ್ನೆಲ್ಲ ಹೇಳಿ ಮುಗಿಸಿ, ಕಾಲು ತೊಳೆದು ಒಳಗೆ ಬರುವ ತನಕ ಅವರ ಕೈ ಹಗ್ಗದ ಮೇಲೆ ಸುಮ್ಮನಿರುತ್ತಿತ್ತು. "ಏನಯ್ಯಾ ಕೋರಾ, ಕಡೇ ತೀರ್ಪಿನ ದಿನ ಬಾರಿಸ್ತೀಯಾ?" ಎಂದು ಪಾದ್ರಿ ರೇಗಿದರೆ, "ದೇವರು ನಮಗೋಸ್ಕರ ಜನ್ಮವಿಡೀ ಕಾಯ್ತಾನಲ್ಲ ಫಾದರ್, ನಾವು ಕಾಲು ಗಂಟೆ ಕಾಯೋಣ" ಅನ್ನುವರು. ಕುಡಿದು ಬಂದವನ ಬೈಗುಳವನ್ನೂ ಪೂರ್ತಿ ಕೇಳಿ, "ಮುಗೀತಾ ಮಗಾ? ನೀರು ಕುಡಿ" ಅನ್ನುವರು. ಹಾಡುವ ಹುಡುಗಿಯರಾದ ನಾವು ಅವರಿಗೆ ಆಮೆ ಎಂದು ಹೆಸರಿಟ್ಟಿದ್ದೆವು. ಒಂದು ಭಾನುವಾರ ನಾನೇ ಸಿಡುಕಿ, "ಯಾರಿಗೋಸ್ಕರ ಇಷ್ಟು ಕಾಯ್ತೀರಿ ಚೇಟ್ಟಾ?" ಎಂದೆ. ಅವರು ನಗಲಿಲ್ಲ. "ತಮ್ಮನಿಗೂ ನನಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಪೂಜೆಗೆ ಬಂದು ರಾಜಿ ಮಾಡ್ಕೊಳ್ತೀನಿ ಅಂತ ಹೇಳಿಕಳಿಸಿದ್ದ. ದೋಣಿ ತಡವಾಯ್ತು. ಇವನೆಲ್ಲಿ ಬರ್ತಾನೆ ಅಂತ ಸಿಟ್ಟಲ್ಲಿ ಗಂಟೆ ಬಾರಿಸಿ ಬಾಗಿಲು ಹಾಕಿಬಿಟ್ಟೆ. ಮೆಟ್ಟಿಲ ತನಕ ಬಂದವನು ಹಾಗೇ ತಿರುಗಿ ಹೋದನಂತೆ. ಆ ವಾರವೇ ಎದೆನೋವು ಬಂದು ತೀರಿಕೊಂಡ." "ದೇವರು ಕ್ಷಮಿಸಿರ್ತಾನೆ ಚೇಟ್ಟಾ" ಎಂದೆ. "ಕ್ಷಮಿಸಿದಾನೆ ಮಗಳೇ, ಅವನಿಗೆ ತಾಳ್ಮೆ ಇದೆ" ಎಂದರು. "ನನ್ನನ್ನ ತಾಳ್ಕೊಳ್ಳೋಕೆ ನನಗೇ ಇನ್ನೂ ಆಗಿಲ್ಲ."